ಅಲಂಕಾರದ ಸಾಮಾನು ಆಟಿಕೆಯಲ್ಲ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಮಕ್ಕಳಿಗೆ ಯಾವ ಆಟಿಕೆ ಕೊಡಬೇಕು, ಯಾವ ವಯಸ್ಸಿಗೆ ಯಾವುದು ಸರಿ ಎಂಬ ಬರಹಗಳು ಪತ್ರಿಕೆಗಳಲ್ಲಿ ಸಾಲುಗಟ್ಟುತ್ತವೆ. ಒಳ್ಳೆಯದೇ. ಆದರೆ ಮೂರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹೆಚ್ಚು ಕಣ್ಣಿಡಬೇಕಾದದ್ದು ಅಲಂಕಾರದ ಸಾಮಾನಿನ ಮೇಲೆ. ಆಟಿಕೆಗೆ ಸುರಕ್ಷತಾ ಮಾನದಂಡಗಳಿವೆ. ಚಿಕ್ಕ ಮಕ್ಕಳ ಆಟಿಕೆಯ ಯಾವ ಚೂರೂ 31.7 ಮಿಲಿಮೀಟರ್ ಅಗಲದ ಅಳತೆ ಕೊಳವೆಯೊಳಗೆ ಪೂರ್ತಿ ಇಳಿಯಬಾರದು. ಬಟನ್ ಬ್ಯಾಟರಿಯ ಮುಚ್ಚಳ ಬರಿಗೈಗೆ ಸುಲಭವಾಗಿ ಬಿಚ್ಚಿಕೊಳ್ಳಬಾರದು. ಮರಕ್ಕೆ ಸುತ್ತುವ ದೀಪದ ಸರ, ಹಾಡುವ ಶುಭಾಶಯ ಪತ್ರ, ಬ್ಯಾಟರಿ ಮೇಣದಬತ್ತಿ, ಮಿನುಗುವ ಟೋಪಿ ಇವನ್ನೆಲ್ಲ ಸಾಮಾನ್ಯವಾಗಿ ಆಟಿಕೆಯೆಂದು ಮಾರುವುದಿಲ್ಲ. ಹಾಗಾಗಿ ಆಟಿಕೆಯ ಪರೀಕ್ಷೆಗಳನ್ನು ಇವು ಪಾಸಾಗಿವೆ ಎಂದು ನಂಬಿ ಕೂರುವಂತಿಲ್ಲ. ಮಗುವಿಗಂತೂ ಈ ಭೇದ ಗೊತ್ತಿಲ್ಲ; ಮಿನುಗಿದ್ದೆಲ್ಲ ಅದಕ್ಕೆ ಆಟಿಕೆಯೇ.

ಇವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ನಾಣ್ಯದಂತಿರುವ ಲಿಥಿಯಂ ಬ್ಯಾಟರಿ. ಸಿಆರ್2032 ಎಂಬ ಹೆಸರೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ದೊಡ್ಡವರ ಗಂಟಲಲ್ಲಿ ಇದು ಜಾರಿ ಹೋಗಬಹುದು, ಪುಟ್ಟ ಮಗುವಿನ ಅನ್ನನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಬ್ಯಾಟರಿ ಒಡೆದು ಒಳಗಿನ ರಾಸಾಯನಿಕ ಸೋರಿದರೆ ಮಾತ್ರ ಅಪಾಯ ಎಂದು ಬಹಳ ಜನ ತಿಳಿದಿದ್ದಾರೆ. ವಿಷಯ ಹಾಗಿಲ್ಲ. ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿಯತೊಡಗುತ್ತದೆ, ಋಣ ತುದಿಯ ಬಳಿ ನೀರು ವಿಭಜನೆಯಾಗಿ ಕ್ಷಾರ ಹುಟ್ಟುತ್ತದೆ, ಆ ಕ್ಷಾರ ಅನ್ನನಾಳದ ಗೋಡೆಯನ್ನು ಸುಡುತ್ತದೆ. ಎರಡೇ ಗಂಟೆಯಲ್ಲಿ ತೀವ್ರ ಗಾಯವಾಗಬಹುದು. ದೀಪ ಉರಿಸಲಾಗದಷ್ಟು ಸತ್ತ ಬ್ಯಾಟರಿಯಲ್ಲೂ ಇದಕ್ಕೆ ಬೇಕಾದಷ್ಟು ವೋಲ್ಟೇಜ್ ಉಳಿದಿರುತ್ತದೆ. ಆದ್ದರಿಂದ ಹಳೆಯದನ್ನು ತೆಗೆದು ಮೇಜಿನ ಮೇಲಿಟ್ಟು ಹೊಸದು ಹಾಕುವ ಅಭ್ಯಾಸ ಬಿಡಬೇಕು. ತೆಗೆದ ಕೂಡಲೇ ಎರಡೂ ಮುಖಕ್ಕೆ ಟೇಪ್ ಸುತ್ತಿ ಎತ್ತರದಲ್ಲಿಡಿ.

ಹಬ್ಬದ ಮನೆಯಲ್ಲಿ ಇದು ಎಲ್ಲೆಲ್ಲಿ ಅಡಗಿರುತ್ತದೆ ನೋಡಿ. ತೆಳ್ಳನೆ ತಂತಿಯ ದೀಪದ ಸರದ ತುದಿಯಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದಲ್ಲ, ಅದರಲ್ಲಿ ಸಾಮಾನ್ಯವಾಗಿ ಇಂಥ ಎರಡು. ಬ್ಯಾಟರಿ ಮೇಣದಬತ್ತಿಯ ಅಡಿಯಲ್ಲಿ ಒಂದು. ದೀಪಗಳ ಬಣ್ಣ ಬದಲಿಸುವ ತೆಳು ರಿಮೋಟ್‌ನಲ್ಲಿ ಒಂದು. ಹಾಡುವ ಶುಭಾಶಯ ಪತ್ರದಲ್ಲಿ ಇನ್ನೂ ಚಿಕ್ಕವು, ಅದೂ ಬರೀ ಕಾಗದದ ಮರೆಯಲ್ಲಿ. ಪತ್ರವನ್ನು ಹರಿಯುವುದು ಒಂದೂವರೆ ವರ್ಷದ ಮಗುವಿಗೆ ನಿಮಿಷದ ಕೆಲಸ. ಹಾಡುವ ಪತ್ರವನ್ನು ಮಗುವಿನ ಕೈಗೆ ಕೊಡಲೇಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಉಳಿದವನ್ನು ಮರಕ್ಕೆ ಏರಿಸುವ ಮುಂಚೆ ಒಂದೊಂದಾಗಿ ಕೈಗೆ ತೆಗೆದುಕೊಂಡು ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಜಾರಿಸಿ, ಅಲ್ಲಾಡಿಸಿ. ಸ್ಕ್ರೂಡ್ರೈವರ್ ಇಲ್ಲದೆ ತೆರೆದುಕೊಂಡರೆ ಮಗುವಿನ ಕೈಗೆಟುಕುವ ಜಾಗಕ್ಕೆ ಅದು ಬೇಡ. ಸ್ಕ್ರೂ ಇದ್ದರೂ ಅದು ಬಿಗಿಯಾಗಿದೆಯೇ ನೋಡಿ. ಕಳೆದ ವರ್ಷ ಬ್ಯಾಟರಿ ಬದಲಿಸಿದವರು ಅದನ್ನು ತಿರುಗಿಸದೆ ಬಿಟ್ಟಿರುವುದೇ ಹೆಚ್ಚು. ಟೇಪ್ ಸುತ್ತುವುದು ತಾತ್ಕಾಲಿಕ ಉಪಾಯ ಅಷ್ಟೆ, ದೀಪದ ಬಿಸಿಗೂ ಮಗುವಿನ ಜೊಲ್ಲಿಗೂ ಅದರ ಅಂಟು ಬಿಡುತ್ತದೆ.

ನುಂಗಿದ್ದನ್ನು ಯಾರೂ ನೋಡಿರುವುದಿಲ್ಲ ಎಂಬುದೇ ದೊಡ್ಡ ತೊಡಕು. ಜೊಲ್ಲು ಹೆಚ್ಚುವುದು, ಊಟ ಬೇಡವೆನ್ನುವುದು, ಕೆಮ್ಮು, ಎದೆ ಅಥವಾ ಕುತ್ತಿಗೆ ಹಿಡಿದುಕೊಳ್ಳುವುದು ಇವೆಲ್ಲ ಚಳಿಗಾಲದ ನೆಗಡಿಯಂತೆಯೇ ಕಾಣುತ್ತವೆ. ಕೆಲವು ಮಕ್ಕಳಲ್ಲಿ ಮೊದಲಿಗೆ ಯಾವ ಲಕ್ಷಣವೂ ಇರುವುದಿಲ್ಲ. ಡಬ್ಬಿ ತೆರೆದು ಬಿದ್ದಿದ್ದು ಬ್ಯಾಟರಿ ಲೆಕ್ಕಕ್ಕೆ ಸಿಗದಿದ್ದರೆ ನುಂಗಿದೆ ಎಂದೇ ಭಾವಿಸಿ, ಮಕ್ಕಳ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಬೇಕು. ವಾಂತಿ ಮಾಡಿಸಬಾರದು, ಊಟ ಕೊಡಬಾರದು. ಮಗುವಿಗೆ ಒಂದು ವರ್ಷ ತುಂಬಿದ್ದು, ನುಂಗಿ 12 ಗಂಟೆ ಮೀರಿರದಿದ್ದು, ಗುಟುಕರಿಸಲು ಆಗುತ್ತಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಬಾರಿ. ಜೇನು ಬ್ಯಾಟರಿಯ ಸುತ್ತ ಲೇಪವಾಗಿ ಕ್ಷಾರದ ತೀವ್ರತೆಯನ್ನು ತಗ್ಗಿಸುತ್ತದೆ. ಜೇನು ಹುಡುಕುತ್ತಾ ಹೊರಡುವುದನ್ನು ತಡಮಾಡಬಾರದು. ಒಂದು ವರ್ಷದೊಳಗಿನ ಕೂಸಿಗಂತೂ ಬೊಟುಲಿಸಂ ಎಂಬ, ಬ್ಯಾಕ್ಟೀರಿಯಾದ ವಿಷದಿಂದ ಬರುವ ಕಾಯಿಲೆಯ ಭಯದಿಂದ ಜೇನು ಕೊಡುವಂತೆಯೇ ಇಲ್ಲ. ಆಸ್ಪತ್ರೆಯಲ್ಲಿ ‘ನಾಣ್ಯ ನುಂಗಿರಬೇಕು’ ಎನ್ನಬೇಡಿ, ‘ಬ್ಯಾಟರಿ ಇರಬಹುದು’ ಎಂದೇ ಹೇಳಿ. ಎಕ್ಸ್‌ರೇಯಲ್ಲಿ ಬ್ಯಾಟರಿಯ ಅಂಚು ಜೋಡಿ ಉಂಗುರದಂತೆ ಕಾಣುತ್ತದೆ, ನಾಣ್ಯದ್ದು ಹಾಗೆ ಕಾಣುವುದಿಲ್ಲ; ಹುಡುಕುತ್ತಿರುವುದು ಏನೆಂದು ಗೊತ್ತಿದ್ದರೆ ವೈದ್ಯರು ಅದನ್ನು ಬೇಗ ಗುರುತಿಸುತ್ತಾರೆ. ಖಾಲಿ ಪ್ಯಾಕೆಟ್ ಅಥವಾ ಅದೇ ದೀಪದ ಇನ್ನೊಂದು ಬ್ಯಾಟರಿ ಜೊತೆಯಲ್ಲಿರಲಿ. ಹೊರತೆಗೆದ ಮೇಲೂ ಗಾಯ ಆಳವಾಗುತ್ತಾ ಹೋಗಬಹುದು. ಮನೆಗೆ ಬಂದ ನಂತರ ವಾಂತಿಯಲ್ಲಿ ಅಥವಾ ಮಲದಲ್ಲಿ ಸ್ವಲ್ಪವೇ ರಕ್ತ ಕಂಡರೂ, ಮಲ ಕಪ್ಪಗೆ ಹೋದರೂ, ಕೂಡಲೇ ಮರಳಿ ಕರೆದೊಯ್ಯಬೇಕು. ಮೂಗಿಗೋ ಕಿವಿಗೋ ತುರುಕಿಕೊಂಡಿದ್ದರೆ ಯಾವ ಹನಿಯನ್ನೂ ಹಾಕಬೇಡಿ, ತೇವ ಹೆಚ್ಚಿದಷ್ಟೂ ಸುಡುವುದು ಹೆಚ್ಚು.

ಇನ್ನು ಮರ. ಎಂಟೊಂಬತ್ತು ತಿಂಗಳ ಮಗು ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲುವ ವಯಸ್ಸು. ಕೊಂಬೆ ಹಿಡಿದರೆ ಮರವೇ ಮೈಮೇಲೆ. ಬುಡಕ್ಕೆ ಭಾರ ಹಾಕಿದರೆ ಸಾಲದು, ಎಳೆತ ಬೀಳುವುದು ಮೇಲೆ. ಕಾಂಡದ ಮೂರರಲ್ಲಿ ಎರಡು ಭಾಗ ಎತ್ತರದಲ್ಲಿ ಮೀನಿನ ಗಾಳದ ದಾರ ಕಟ್ಟಿ, ಗೋಡೆಯ ಎರಡು ಕೊಕ್ಕೆಗಳಿಗೆ ಎರಡು ದಿಕ್ಕಿನಿಂದ ಬಿಗಿಯಿರಿ. ಒಂದೇ ದಾರವಾದರೆ ಮರ ಪಕ್ಕಕ್ಕೆ ತಿರುಗಿ ಬೀಳುತ್ತದೆ. ಕೆಳಗಿನ ಒಂದು ಮೀಟರ್‌ವರೆಗೆ ಬಟ್ಟೆ, ಕಾಗದ, ಹೊಲಿದ ಉಣ್ಣೆಯ ಆಭರಣ ಮಾತ್ರ; ಗಾಜಿನದು, ಒಡೆಯುವ ಪ್ಲಾಸ್ಟಿಕ್‌ನದು ಎಲ್ಲ ಮೇಲಕ್ಕೆ. ತೂಗುಹಾಕುವ ತಂತಿಯ ಕೊಕ್ಕೆಗಳನ್ನು ತೆಗೆದು, ಗೇಣಿಗಿಂತ ಗಿಡ್ಡ ದಾರ ಕಟ್ಟಿ. ಕೆಳಗೆ ನೇತಾಡುವ ಆಭರಣವನ್ನು ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆಯೊಳಗೆ ಹಾಕಿ ನೋಡಿ. ಅದರ ಬಾಯಿ ಅಳತೆ ಕೊಳವೆಗಿಂತ ತುಸು ಅಗಲ, ಹಾಗಾಗಿ ಅದರಲ್ಲಿ ಇಳಿಯದ ವಸ್ತು ಮಗುವಿನ ಗಂಟಲಿಗೆ ಅಡ್ಡವಾಗುವ ಸಾಧ್ಯತೆ ಕಡಿಮೆ. ಮರದ ಸುತ್ತ ಬೇಲಿ ಹಾಕುವುದೂ ಉಂಟು. ಹತ್ತಿ ದಾಟುವ ವಯಸ್ಸಿಗೆ ಅದು ಏಣಿಯಾಗುತ್ತದೆ.

ಉಡುಗೊರೆ ಬಿಚ್ಚುವ ಬೆಳಗ್ಗೆಯೇ ಎಲ್ಲ ಎಡವಟ್ಟೂ ಒಟ್ಟಿಗೆ ನಡೆಯುವುದು. ನಾಲ್ಕು ಮಂದಿ ಏಕಕಾಲಕ್ಕೆ ಪೊಟ್ಟಣ ಹರಿಯುತ್ತಾರೆ, ಮಗುವನ್ನು ಇನ್ನೊಬ್ಬರು ನೋಡುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ತಿಳಿದಿರುತ್ತಾರೆ. ‘ಈ ಅರ್ಧ ಗಂಟೆ ನಿನ್ನದು’ ಎಂದು ಒಬ್ಬರಿಗೆ ಹೆಸರು ಹಿಡಿದು ಹೇಳಬೇಕು. ಹಿಂದಿನ ರಾತ್ರಿಯೇ ಡಬ್ಬಿಗಳನ್ನು ತೆರೆದು, ಆಟಿಕೆಯನ್ನು ಬಿಗಿದಿರುವ ತಂತಿಗಳನ್ನು ಕತ್ತರಿಸಿ, ಬ್ಯಾಟರಿ ಹಾಕಿ ಸ್ಕ್ರೂ ಬಿಗಿದು, ಮತ್ತೆ ಕಾಗದ ಸುತ್ತಿಟ್ಟರೆ ಬೆಳಗ್ಗೆ ಚಾಕು-ಕತ್ತರಿಯ ಮಾತೇ ಇರುವುದಿಲ್ಲ. ಕಾಗದಕ್ಕೊಂದು ಚೀಲ, ಬಿಡಿಭಾಗಕ್ಕೊಂದು ಮುಚ್ಚಳವಿರುವ ಡಬ್ಬಿ ಪಕ್ಕದಲ್ಲೇ ಇರಲಿ. ‘3 ವರ್ಷ ಮೇಲ್ಪಟ್ಟವರಿಗೆ’ ಎಂದು ಬರೆದಿರುವುದು ಸಾಮಾನ್ಯವಾಗಿ ಉಸಿರುಗಟ್ಟುವ ಚೂರುಗಳಿಗಾಗಿ. ನಮ್ಮ ಮಗು ಜಾಣ ಎಂದು ಎರಡಕ್ಕೇ ಕೊಡುವವರು ಆ ಸಾಲನ್ನು ತಪ್ಪಾಗಿ ಓದಿದ್ದಾರೆ. ಅಣ್ಣನೋ ಅಕ್ಕನೋ ಚಿಕ್ಕ ಚೂರುಗಳ ಆಟ ಆಡುವಾಗ ಕೂಸನ್ನು ಆಟದ ಬೇಲಿಯೊಳಗೆ ಕೂರಿಸಿದರೆ ಅಳು ನಿಲ್ಲದು. ದೊಡ್ಡ ಮಗುವನ್ನು ಚೂರುಗಳ ಸಮೇತ ಬೇಲಿಯೊಳಗೆ ಕೂರಿಸಿ ಕೂಸನ್ನು ಹೊರಗೆ ಬಿಟ್ಟರೆ ಇಬ್ಬರಿಗೂ ನೆಮ್ಮದಿ. ಬಲವಾದ ಪುಟ್ಟ ಅಯಸ್ಕಾಂತದ ಗುಂಡುಗಳನ್ನೂ, ನೀರಲ್ಲಿ ಉಬ್ಬುವ ಮಣಿಗಳನ್ನೂ ಮಾತ್ರ ಚಿಕ್ಕ ಮಕ್ಕಳಿರುವ ಮನೆಯೊಳಗೇ ತರಬೇಡಿ. ಎರಡು ಅಯಸ್ಕಾಂತಗಳು ಕರುಳಿನ ಎರಡು ಸುರುಳಿಗಳಿಂದ ಒಂದನ್ನೊಂದು ಸೆಳೆದು ನಡುವಿನ ಗೋಡೆಯನ್ನು ತೂತು ಮಾಡುತ್ತವೆ. ಮಣಿ ಕರುಳಲ್ಲಿ ಊದಿಕೊಂಡು ದಾರಿ ಕಟ್ಟುತ್ತದೆ, ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೂ ಇಲ್ಲ.

ಅತಿಥಿಗಳ ಕೈಚೀಲ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅಜ್ಜ-ಅಜ್ಜಿಯ ವಾರದ ಮಾತ್ರೆ ಡಬ್ಬಿ ಮಕ್ಕಳ ಕೈಗೆ ಸಲೀಸಾಗಿ ತೆರೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆಯ ಅಥವಾ ರಕ್ತದೊತ್ತಡದ ಕೆಲವು ಮಾತ್ರೆಗಳು ಒಂದೇ ಒಂದು ಹೊಟ್ಟೆಗೆ ಹೋದರೂ ಎರಡು ವರ್ಷದ ಮಗುವಿನ ಜೀವಕ್ಕೆ ಸಂಚಕಾರ. ಬಂದವರ ಚೀಲಗಳನ್ನು ಮಂಚದ ಮೇಲಿಡದೆ ಬೀರುವಿನಲ್ಲಿಡಿ. ರಾತ್ರಿಯ ಲೋಟಗಳನ್ನು ರಾತ್ರಿಯೇ ತೊಳೆಯಿರಿ. ಬೆಳಗ್ಗೆ ಮೊದಲು ಏಳುವವರು ಮಕ್ಕಳು, ಲೋಟದ ತಳದಲ್ಲುಳಿದ ಮದ್ಯ ಅವರ ರಕ್ತದ ಸಕ್ಕರೆಯನ್ನು ಅಪಾಯಕಾರಿಯಾಗಿ ಇಳಿಸಬಲ್ಲದು. ದ್ರಾಕ್ಷಿಯನ್ನು ಅಡ್ಡಕ್ಕಲ್ಲ, ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಇಡೀ ಬೀಜ, ಗಟ್ಟಿ ಮಿಠಾಯಿ ಐದು ವರ್ಷದೊಳಗಿನವರಿಗೆ ಬೇಡ.

ತಮ್ಮ ಹಬ್ಬದ ಪುರವಣಿಯಲ್ಲಿ ಅಡುಗೆಗೂ ಅಂಗಡಿಗೂ ಕೊಡುವ ಜಾಗದಲ್ಲಿ ಒಂದು ಚೌಕಟ್ಟಿನಷ್ಟನ್ನು ಬ್ಯಾಟರಿಯ ವಿಷಯಕ್ಕೆ ಮೀಸಲಿಡಬೇಕೆಂದು ಕೋರುತ್ತೇನೆ. ಅದನ್ನು ಡಿಸೆಂಬರ್ ಮೊದಲ ವಾರದಲ್ಲೇ, ಮರ ಏರುವ ಮೊದಲು, ಪ್ರಕಟಿಸಿದರೆ ಪ್ರಯೋಜನ. ಅಲಂಕಾರ ಇಳಿಸುವಾಗ ಏನು ಮಾಡಬೇಕೆಂಬುದೂ ಅದರಲ್ಲಿರಲಿ: ಎಲ್ಲ ದೀಪಗಳಿಂದ ಬ್ಯಾಟರಿ ತೆಗೆದು, ಎಷ್ಟು ಹಾಕಿತ್ತೋ ಅಷ್ಟೂ ಸಿಕ್ಕಿತೇ ಎಂದು ಎಣಿಸಿ, ಟೇಪ್ ಸುತ್ತಿ ಮರುಬಳಕೆಗೆ ಕಳಿಸಿ, ಆಮೇಲೆ ದೀಪಗಳನ್ನು ಡಬ್ಬಿಗೆ ಹಾಕಬೇಕು. ಒಂದು ಕಡಿಮೆ ಬಂದರೆ ಅಂದೇ ಸೋಫಾದ ಸಂದು, ಕಾರ್ಪೆಟ್ಟಿನ ಅಡಿ ಹುಡುಕಬೇಕು. ಆಗಲೂ ಸಿಗದಿದ್ದರೆ, ಮಗುವಿನಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ, ಎಕ್ಸ್‌ರೇ ಮಾಡಿಸಲು ತಡಮಾಡಬಾರದು.

ಇಂತಿ,
ಓದುಗರೊಬ್ಬರು