ಬಲೆಯಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವುದನ್ನು ನೋಡುತ್ತಾ ನಿಂತಿದ್ದೆ. ತಾರ್ಲೆ ಮೀನು ಬಂತು. ಜೊತೆಗೆ ಶಾಂಪೂ ಸ್ಯಾಶೆ, ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆಗಳೂ ಬಂದವು. ಆ ಮೂಲೆ ಉಗುರಿನಷ್ಟೇ ಇರುತ್ತದೆ. ಬಲೆಯ ಕಣ್ಣಿಗೆ ಸಿಕ್ಕಿಕೊಂಡರೆ ಒಂದೊಂದಾಗಿ ಬಿಡಿಸಬೇಕು. ಒಬ್ಬ ಅಜ್ಜ ಅದನ್ನೇ ಮಾಡುತ್ತಾ ಕೂತಿದ್ದರು. 'ಮೀನಿಗಿಂತ ಇದೇ ಜಾಸ್ತಿ' ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರೆ ಮಾಡದಿದ್ದರೆ ಅದು ಕವರಿಗೇ ಅಂಟಿಕೊಂಡಿರುತ್ತದೆ. ಇದಕ್ಕೆ ದುಡ್ಡೇನೂ ಬೇಡ ಅಲ್ವಾ?

ಹಾಗಂತ ಎಲ್ಲವನ್ನೂ ಮನೆಯವರ ತಲೆಗೆ ಕಟ್ಟುವುದೂ ಸರಿಯಲ್ಲ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂತು. ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾಗಳಿಗೆ ದೇಶದಲ್ಲೇ 2022ರ ಜುಲೈ 1ರಿಂದ. ಆದರೂ ಮೊನ್ನೆ ಒಂದು ಹೋಟೆಲ್ಲಿನಲ್ಲಿ ಕುದಿಯುವ ಸಾಂಬಾರನ್ನು ತೆಳು ಕವರಿಗೆ ಸುರಿದು, ರಬ್ಬರ್ ಹಾಕಿ ಕೊಟ್ಟರು. ಘಟ್ಟ ಹತ್ತಿದರೆ ಸಿರ್ಸಿ. ಅಲ್ಲಿನ ತೋಟಗಳಲ್ಲಿ ಅಡಿಕೆ ಹಾಳೆ ಸುಮ್ನೆ ಬಿದ್ದಿರುತ್ತದೆ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಆಯಿತು. ಅಂಟು, ಬಣ್ಣ ಏನೂ ಬೇಡ. ಮದುವೆ ಮನೆ, ಕೇಟರಿಂಗ್‌ನವರು, ಬೀಚ್ ಪಕ್ಕದ ಅಂಗಡಿಗಳು ಇದನ್ನೇ ತರಿಸಬಹುದು. ದರ ಸ್ವಲ್ಪ ಜಾಸ್ತಿ, ನಿಜ. ಪಾರ್ಸೆಲ್‌ಗೆ ಪಾತ್ರೆ ತಂದವರಿಗೆ ಹೋಟೆಲ್‌ನವರು 2 ರೂಪಾಯಿ ಬಿಡಲಿ. ಜನ ಕ್ಯೂ ನಿಲ್ಲುತ್ತಾರೆ ನೋಡಿ.

ನಾನು ಈಗ ಸ್ಟೀಲ್ ಡಬ್ಬಿ ಹಿಡಿದೇ ಹೋಗುತ್ತೇನೆ. ಮಕ್ಕಳು ನಾಚಿಕೊಂಡು ಹತ್ತು ಹೆಜ್ಜೆ ಹಿಂದೆ ಬರುತ್ತಾರೆ.

– ಓದುಗ, ಕಾರವಾರ