ಆ ಕಪ್ಪು ಡಿಪಿ ನೆನಪಿದೆಯಾ?

ಗೆಳೆಯಾ,

ಮೊನ್ನೆ ದರ್ಶಿನಿ ಮುಂದೆ ಕಾಫಿ ಆರಿಹೋಗುವ ತನಕ, ಜನ ಇಂಟರ್ನೆಟ್‌ನಲ್ಲಿ ಹಾಕೋದನ್ನು ಸರ್ಕಾರ ತಡೆಯೋದರ ಬಗ್ಗೆ ಜಗಳ ಆಡಿದೆವಲ್ಲ, ಅದು ಇನ್ನೂ ತಲೆ ಕೊರೀತಿದೆ. "ನಿಮ್ಮವರು, ಆ ಕಾಂಗ್ರೆಸ್‌ನವರು, ಇದ್ದಾಗ ಏನು ಕಡಿಮೆ ಮಾಡಿದ್ರಾ?" ಅಂತ ನೀನು ಕೇಳಿದೆ. ಅಷ್ಟರಲ್ಲಿ ನಿನ್ನ ಬಸ್ ಬಂತು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ನೀನು ಹೇಳಿದ್ದು ನಿಜ ಕಣೋ. ಕಡಿಮೆ ಮಾಡಿರಲಿಲ್ಲ.

2008ರ ಡಿಸೆಂಬರ್. ಮುಂಬೈ ದಾಳಿಯಾಗಿ ಒಂದು ತಿಂಗಳೂ ಆಗಿರಲಿಲ್ಲ. ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಲೋಕಸಭೆಯಲ್ಲಿ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ತಿದ್ದುಪಡಿ ಪಾಸಾಯಿತು. ಅದರ 66ಎ ಕಲಂ ಬಂದದ್ದು ಹಾಗೆ. ಅವಮಾನ, ಕಿರಿಕಿರಿ, ಅನನುಕೂಲ ಅನ್ನುವಂಥ ಸಡಿಲ ಪದಗಳನ್ನು ಹಿಡಿದು ಆನ್‌ಲೈನ್‌ನಲ್ಲಿ ಬರೆದವರನ್ನು 3 ವರ್ಷದ ತನಕ ಜೈಲಿಗೆ ಕಳಿಸಬಹುದಿತ್ತು. ಅದೇ ತಿದ್ದುಪಡಿಯಲ್ಲಿ 69ಎ ಕೂಡ ಬಂತು. ಜಾಲತಾಣ ತಡೆಯುವ ಅಧಿಕಾರ ಅದು. ಆಗ ಅದರ ಕಡೆ ಜಾಸ್ತಿ ಜನ ತಿರುಗಿ ನೋಡಲಿಲ್ಲ.

2011ರ ಡಿಸೆಂಬರ್‌ನಲ್ಲಿ ಆಗಿನ ಐಟಿ ಮಂತ್ರಿ ಕಪಿಲ್ ಸಿಬಲ್ ಗೂಗಲ್, ಫೇಸ್‌ಬುಕ್‌ನವರನ್ನು ಕೂರಿಸಿಕೊಂಡು, ಜನ ಹಾಕೋದನ್ನು ನೀವೇ ಮೊದಲು ಸೋಸಿ ಅಂದರು. ದೇಶವೇ ನಕ್ಕಿತು. ನಾನು ಮಾತ್ರ ಅವರ ಪರ ವಾದ ಮಾಡಿದ್ದೆ. ನೀನು ಮರೆತಿರಲಾರೆ.

ಆಮೇಲೆ 2012ರ ಆಗಸ್ಟ್. ನಾವಿಬ್ಬರೂ ಬೆಂಗಳೂರಲ್ಲೇ ಇದ್ದೆವು. ಈಶಾನ್ಯದ ಜನ ಬ್ಯಾಗು, ಟ್ರಂಕು ಹೊತ್ತು ಸಿಟಿ ರೈಲ್ವೆ ಸ್ಟೇಷನ್ ತುಂಬಿಬಿಟ್ಟಿದ್ದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಎಲ್ಲ, ಅವರ ಮೇಲೆ ದಾಳಿ ಆಗುತ್ತೆ ಅನ್ನೋ ಒಂದು ಗಾಳಿಸುದ್ದಿಯಿಂದ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಕೂಡ ಸಂಬಳ ಇಸ್ಕೊಳ್ಳದೆ ಹೊರಟುಹೋಗಿದ್ದ. ಅದಕ್ಕೇ ಹೇಳೋದು, ಸರ್ಕಾರ ಏನೂ ಮಾಡಬಾರದಿತ್ತು ಅಂತ ನಾನು ಇವತ್ತಿಗೂ ಅನ್ನೋದಿಲ್ಲ. ಸುಳ್ಳು ಸುದ್ದಿ ಏನು ಮಾಡುತ್ತೆ ಅಂತ ಆ ಪ್ಲಾಟ್‌ಫಾರ್ಮ್ ಮೇಲೆ ಕಣ್ಣಾರೆ ಕಂಡಿದ್ದೇವೆ.

ಆದರೆ ಮಾಡಿದ್ದೇನು? ಎಸ್ಸೆಮ್ಮೆಸ್ಸಿಗೆ 5ರ ಮಿತಿ ಹಾಕಿದರು. ಜತೆಗೆ 300ಕ್ಕೂ ಹೆಚ್ಚು ಜಾಲತಾಣದ ಕೊಂಡಿಗಳನ್ನು (ಲಿಂಕ್) ತಡೆದರು. ಆ ಪಟ್ಟಿ ಹೇಗೋ ಹೊರಗೆ ಬಂತು. ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯವರು ಕೂತು ಒಂದೊಂದನ್ನೂ ನೋಡಿದರು. ಗಾಳಿಸುದ್ದಿ ಸುಳ್ಳು ಅಂತ ಬಿಡಿಸಿ ಹೇಳಿದ ಬರಹಗಳೂ ಅದರಲ್ಲಿ ಸೇರಿದ್ದವು! ಬೆಂಕಿ ಆರಿಸೋಕೆ ಹೋದವನ ಬಕೆಟ್ಟನ್ನೇ ಕಿತ್ತುಕೊಂಡ ಹಾಗೆ. ಪಟ್ಟಿ ಸೋರಿಕೆ ಆಗದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ತಕರಾರೆಲ್ಲ ಇರೋದು ಇಲ್ಲೇ.

ಆ ತಿಂಗಳ ಕೊನೆಯಲ್ಲಿ ಗುಜರಾತಿನ ಮುಖ್ಯಮಂತ್ರಿ ನರೇಂದ್ರ ಮೋದಿ ಇದನ್ನು ಪ್ರತಿಭಟಿಸಿ ತಮ್ಮ ಟ್ವಿಟರ್ ಚಿತ್ರವನ್ನು ಕಪ್ಪು ಮಾಡಿಕೊಂಡರು. ನೀನೂ ಮಾಡಿಕೊಂಡೆ. ಆ ವರ್ಷವೇ ಬಿಜೆಪಿಯ ಅರುಣ್ ಜೇಟ್ಲಿ ರಾಜ್ಯಸಭೆಯಲ್ಲಿ, 1975ರಲ್ಲಿ ಇಂಟರ್ನೆಟ್ ಇದ್ದಿದ್ದರೆ ತುರ್ತು ಪರಿಸ್ಥಿತಿ ನಡೀತಾನೇ ಇರಲಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಒಳ್ಳೆಯ ಮಾತು. ನಾನು ಆಗ ಒಪ್ಪಲಿಲ್ಲ, ಸುಮ್ನೆ ಹಟಕ್ಕೆ.

2014ರಲ್ಲಿ ಸರ್ಕಾರ ಬದಲಾಯಿತು. 66ಎ ಕೇಸು ಸುಪ್ರೀಂ ಕೋರ್ಟಲ್ಲಿ ವಾದಕ್ಕೆ ಬಂದಾಗ ಹೊಸ ಸರ್ಕಾರ ಆ ಕಾನೂನನ್ನು ಬಿಟ್ಟುಕೊಟ್ಟಿತಾ? ಇಲ್ಲ. ಸರ್ಕಾರದ ವಕೀಲ ತುಷಾರ್ ಮೆಹ್ತಾ ಅದರ ಪರ ನಿಂತು ವಾದ ಮಾಡಿದರು. 2015ರ ಮಾರ್ಚ್ 24ರಂದು ಕೋರ್ಟೇ ಅದನ್ನು ಕಿತ್ತು ಹಾಕಬೇಕಾಯಿತು. 69ಎ ಮಾತ್ರ ಉಳಿಯಿತು. ಅದರ ನಿಯಮದ ಪ್ರಕಾರ ದೂರು, ಆದೇಶ ಎಲ್ಲ ಗುಟ್ಟು. ನಿನ್ನ ಬರಹ ಯಾಕೆ ಮಾಯವಾಯಿತು ಅಂತ ನಿನಗೇ ತಿಳಿಯದೆ ಹೋಗಬಹುದು.

ಮುಂದಿನ ಕತೆ ನಮ್ಮ ಹೈಕೋರ್ಟಿನದು. ತಡೆ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಹಾಕಿದ್ದ ಅರ್ಜಿ 2023ರಲ್ಲಿ ವಜಾ ಆಯಿತು, ಮೇಲೆ 50 ಲಕ್ಷ ರೂಪಾಯಿ ದಂಡ. ನಂತರ ಕೇಂದ್ರ ಗೃಹ ಇಲಾಖೆಯ ಸಹಯೋಗ್ ಪೋರ್ಟಲ್ ಬಂತು. 69ಎ ದಾರಿಯನ್ನೂ ಹಿಡಿಯದೆ, ಬೇರೆ ಬೇರೆ ಇಲಾಖೆಯ ಅಧಿಕಾರಿಗಳು ಇದನ್ನು ತೆಗೀರಿ, ಅದನ್ನು ತೆಗೀರಿ ಅಂತ ನೋಟಿಸ್ ಕಳಿಸೋ ವ್ಯವಸ್ಥೆ. ಎಕ್ಸ್ ಅಂತ ಹೆಸರು ಬದಲಿಸಿಕೊಂಡಿದ್ದ ಟ್ವಿಟರ್ ಮತ್ತೆ ಕೋರ್ಟಿಗೆ ಹೋಯಿತು. ಹೈದರಾಬಾದಿನಲ್ಲಿ ಹೆಂಗಸೊಬ್ಬಳು ರೈಲು ಹಳಿ ಮೇಲೆ ಕಾರು ಓಡಿಸಿದ ವಿಡಿಯೋ ತೆಗೀಬೇಕು ಅಂತ ರೈಲ್ವೆಯವರು ನೋಟಿಸ್ ಕೊಟ್ಟಿದ್ದರಂತೆ. 'ಟಾಮ್, ಡಿಕ್, ಹ್ಯಾರಿ' ಅಧಿಕಾರಿಗಳೆಲ್ಲ ಹೀಗೆ ಕೇಳಬಹುದಾ ಅಂತ ಎಕ್ಸ್ ಪರ ವಕೀಲರು ಕೇಳಿದರು. ನಮ್ಮಲ್ಲಾದರೆ ದಾರೀಲಿ ಹೋಗೋ ದಾಸಯ್ಯ ಅನ್ನುತ್ತಿದ್ದೆವು. ಹಾಗೆಲ್ಲ ಅನ್ನಬೇಡಿ ಅಂತ ಸಿಟ್ಟಾದವರು ಅದೇ ತುಷಾರ್ ಮೆಹ್ತಾ, ಅಷ್ಟೊತ್ತಿಗೆ ಸಾಲಿಸಿಟರ್ ಜನರಲ್ ಆಗಿದ್ದರು. 2025ರ ಸೆಪ್ಟೆಂಬರ್ 24ರಂದು ಈ ಅರ್ಜಿಯೂ ಬಿತ್ತು. ತಮಾಷೆ ನೋಡು, ಮುಂದಿನ ತಿಂಗಳೇ ಸರ್ಕಾರ ನಿಯಮ ತಿದ್ದಿ, ಇನ್ನು ಜಂಟಿ ಕಾರ್ಯದರ್ಶಿ ದರ್ಜೆಯವರೇ ನೋಟಿಸ್ ಕೊಡಬೇಕು, ಪೊಲೀಸರಲ್ಲಾದರೆ ಡಿಐಜಿ ಇರಬೇಕು ಅಂತ ಮಾಡಿತು. ದಾಸಯ್ಯನ ಮಾತು ನಾಟಿತ್ತು ಅನ್ನಿಸುತ್ತೆ.

ಇನ್ನು 'ನಮ್ಮವರು'. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಓದಿ ನನಗೇ ನಾಚಿಕೆ ಆಯಿತು. 7 ವರ್ಷದ ತನಕ ಜೈಲು. ಯಾವುದು ಸುಳ್ಳು ಅಂತ ತೀರ್ಮಾನಿಸೋ ಪ್ರಾಧಿಕಾರಕ್ಕೆ ಮಂತ್ರಿಯೇ ಅಧ್ಯಕ್ಷ. ಬರೀ ಕರಡು ಅಂತ ತೇಪೆ ಹಚ್ಚಿದರು. ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ದ್ವೇಷ ಭಾಷಣ ತಡೆ ಮಸೂದೆ ಪಾಸಾಯಿತು. ಅದರಲ್ಲೂ ಆನ್‌ಲೈನ್ ಬರಹ ತೆಗೆಸುವ ಅಧಿಕಾರ ಇದೆ. ದ್ವೇಷ ಭಾಷಣ ಇಲ್ಲ ಅಂತಲ್ಲ, ಬೇಕಾದಷ್ಟಿದೆ. ಆದರೆ ಪಾಸಾದದ್ದು ಮತ್ತೆ ಗದ್ದಲದ ನಡುವೆಯೇ. ವಾಕ್ ಸ್ವಾತಂತ್ರ್ಯ ಅಂತ ಈ ಸಲ ಕೂಗಿದವರು ನಿಮ್ಮವರು.

ಮುಂದಿನ ಶನಿವಾರ ಬಾ. ಕಾಫಿ ನನ್ನ ಲೆಕ್ಕ, ಆರೋಕೆ ಬಿಡೋದು ಬೇಡ. ಸಿಬಲ್ ಪರ ಮಾತಾಡಿದ್ದು ತಪ್ಪು ಅಂತ ನಾನು ಒಪ್ಪಿಕೊಂಡಾಯ್ತು. ನೀನು ಒಂದು ನೆನಪು ಮಾಡಿಕೊಂಡು ಬಾ: 2012ರ ಆ ಕಪ್ಪು ಡಿಪಿ, ಅದನ್ನ ಯಾವಾಗ ತೆಗೆದೆ?

ನಿನ್ನ,
ಹಳೇ ಜಗಳಗಂಟ