ಹಳೇ ಮಳೆ ಪುಸ್ತಕ, ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿತದ ದಾಖಲೆ ಕಳಿಸುವವರಿಗೆ

ಎಲ್ಲರ ಗಮನಕ್ಕೆ,

ಕೊಡಗಿನಲ್ಲಿ 2018ರ ಆಗಸ್ಟ್‌ನ ಜೋಡುಪಾಲ, ಮಕ್ಕಂದೂರು, 2019ರ ತೋರ, 2020ರ ಬ್ರಹ್ಮಗಿರಿ ಭೂಕುಸಿತ: ಇವೆಲ್ಲ ಸರ್ಕಾರಿ ಕಡತದಲ್ಲಿವೆ. ನಮಗೆ ಬೇಕಿರುವುದು ಕಡತಕ್ಕೆ ಹೋಗದ ಸಣ್ಣ ಬರೆ ಕುಸಿತಗಳು, ತೋಟದಲ್ಲಿ ದಿನದಿನದ ಮಳೆ ಅಳೆದು ಬರೆದಿಟ್ಟ ಹಳೇ ಪುಸ್ತಕಗಳು.

ಪುಟಗಳ ಫೋಟೋ ತೆಗೆದು ಹಾಗೇ ಹಾಕಿ, ನೀವೇ ಮಿ.ಮೀ.ಗೆ ಬದಲಾಯಿಸಬೇಡಿ. ತಪ್ಪಾಗುವುದೇ ಅಲ್ಲಿ. ಹಳೇ ಪುಸ್ತಕದಲ್ಲಿ ಮಳೆ ಇಂಚು, ಸೆಂಟ್ ಲೆಕ್ಕದಲ್ಲಿರುತ್ತದೆ: 100 ಸೆಂಟ್‌ಗೆ 1 ಇಂಚು, ಅಂದರೆ 25.4 ಮಿ.ಮೀ. 4 ಇಂಚು 5 ಸೆಂಟ್ ಎಂದರೆ 4.05, 4.5 ಅಲ್ಲ, ಅಷ್ಟರಲ್ಲೇ 11 ಮಿ.ಮೀ. ಹೆಚ್ಚುಕಮ್ಮಿ. ಬೆಳಿಗ್ಗೆ ಅಳೆದದ್ದು ಹಿಂದಿನ 24 ಗಂಟೆಯ ಮಳೆ. ಅದನ್ನು ಯಾವ ತಾರೀಖಿಗೆ ಬರೆದಿದ್ದಾರೆ, ಮಾಪಕ ಮರದಡಿ ಇತ್ತಾ, ತಿಳಿಸಿ.

ಕುಸಿತವಾದರೆ ದಿನ, ಜಾಗ, ಹಿಂದಿನ 3 ದಿನದ ಮಳೆ, ಬುಡದಲ್ಲಿ ಮಣ್ಣು ಕಡಿದದ್ದು ಉಂಟಾ, ಮೇಲಿನ ಚರಂಡಿ ನೀರು ಎಲ್ಲಿಗೆ ಹೋಗುತ್ತಿತ್ತು ಎಂದು ಬರೆಯಿರಿ. ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ, ಬಿರುಕಿಗೆ ನೀರಿಳಿದರೆ ಹಿಡಿತವೂ ಹೋಗುತ್ತದೆ. ‘ಭಾರೀ ಮಳೆ’ ಅಂತಷ್ಟೇ ಬರೆದರೆ ಏನೂ ಪ್ರಯೋಜನವಿಲ್ಲ.

ಫಾರ್ವರ್ಡ್ ವಿಡಿಯೋ ಬೇಡ. ಈಗಲೇ ಅಂಗಳ ಬಿರುಕು ಬಿಟ್ಟಿದ್ದರೆ, ಒರತೆ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಇಲ್ಲಿ ಬರೆಯುತ್ತ ಕೂರಬೇಡಿ. ಮನೆ ಬಿಟ್ಟು ಹೊರಬಂದು ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ.